ನೀರು ಪೆಟ್ರೋಲ್ ಅಲ್ಲ, ದಯವಿಟ್ಟು ತಿದ್ದಿಕೊಳ್ಳಿ

ಮಾನ್ಯರೇ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ‘ಇನ್ನು ನೀರೇ ಪೆಟ್ರೋಲ್!’ ಅಂತ ಅರ್ಧ ಪುಟದ ವರದಿ ಬಂತಲ್ಲ, ಅದರ ಬಗ್ಗೆ ಈ ಪತ್ರ. ಒಂದು ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ ಒಂದು ಕಾರು, ಕೆಳಗೆ ಬೆಳಕಿನಿಂದ ಹೈಡ್ರೋಜನ್ ಪಡೆಯುವ ಸಂಶೋಧನೆ ಮಾಡಿದ ವಿಜ್ಞಾನಿಗಳಾದ ಅಮೆರಿಕದ ಡೇನಿಯಲ್ ನೊಸೆರಾ ಮತ್ತು ನಮ್ಮ ಸಿ.ಎನ್.ಆರ್. ರಾವ್ ಅವರ ಹೆಸರು. ಒಳಗೆ ಬರೆದಿದ್ದು ಅರ್ಧ ಸರಿಯಿತ್ತು. ತಲೆಬರಹ ಮಾತ್ರ ಪೂರ್ತಿ ಸುಳ್ಳು. ನಮ್ಮ ಕಡೆ ಜನ ಓದಿದ್ದು ತಲೆಬರಹ ಒಂದನ್ನೇ.

ನಮ್ಮ ಮುಖ್ಯರಸ್ತೆಯ ಒಬ್ಬ ಗ್ಯಾರೇಜಿನವನು ನಿಮ್ಮ ವರದಿಯನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಅಂಟಿಸಿದ್ದಾನೆ. ಅದನ್ನು ತೋರಿಸಿ ಗೂಡ್ಸ್ ಆಟೋಗಳಿಗೆ ‘ವಾಟರ್ ಗ್ಯಾಸ್ ಕಿಟ್’ ಹಾಕುತ್ತಿದ್ದಾನೆ. ಒಂದು ಪ್ಲಾಸ್ಟಿಕ್ ಡಬ್ಬ, ಎರಡು ಸ್ಟೀಲ್ ತಗಡು, ಅಡುಗೆ ಸೋಡಾ ಕಲಸಿದ ನೀರು, ಬ್ಯಾಟರಿಯಿಂದ ಎರಡು ವೈರು. ನೀರು ಒಡೆದು ಬರುವ ಗ್ಯಾಸ್‌ನಿಂದ ಡೀಸೆಲ್ ಉಳಿಯುತ್ತದಂತೆ. ನನ್ನ ತಮ್ಮ ಗೂಡ್ಸ್ ಆಟೋ ಇಟ್ಟುಕೊಂಡು ಜೀವನ ಮಾಡುವವನು. ನನ್ನ ಹತ್ತಿರ ಒಂದು ಮಾತು ಕೇಳದೆ ಕಿಟ್ ಹಾಕಿಸಿಕೊಂಡು ಬಂದ. “ಪೇಪರ್‌ನಲ್ಲೇ ಬಂದಿದೆ ಅಕ್ಕ, ಭಾರತರತ್ನ ಸಿಕ್ಕಿದವರೇ ಮಾಡಿದ್ದಂತೆ” ಅಂದ. ನಾನು ಜೀವನವಿಡೀ ರಸಾಯನಶಾಸ್ತ್ರ ಪಾಠ ಹೇಳಿದವಳು. ನನ್ನ ಮಾತಿಗಿಂತ ನಿಮ್ಮ ತಲೆಬರಹವೇ ಅವನಿಗೆ ಜಾಸ್ತಿಯಾಯಿತು.

ಮೊನ್ನೆ ಗುರುವಾರ ನನ್ನ ಮಗಳ ಮನೆಯ ಗೃಹಪ್ರವೇಶ. ಪಾತ್ರೆಗಳು, ಒಲೆ, ಸಿಲಿಂಡರ್, ಬಾಳೆಕಂಬ, ಹೋಮದ ಸಾಮಾನು ಎಲ್ಲ ಅದೇ ಆಟೋದಲ್ಲಿ. ಹೆಬ್ಬಾಳದ ಮೇಲ್ಸೇತುವೆ ಹತ್ತುವ ಮೊದಲೇ ಗಾಡಿ ನಿಂತಿತು. ಬ್ಯಾಟರಿ ಪೂರ್ತಿ ಖಾಲಿ. ಬೆಳಗಿನ ಜಾವದ ಆ ಟ್ರಾಫಿಕ್‌ನಲ್ಲಿ ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದರು. ಪೊಲೀಸರು ಬಂದು ದಂಡ ಹಾಕಿದರು. ಮಳೆ ಬೇರೆ ಶುರುವಾಯಿತು, ಹೋಮದ ಸೌದೆ ನೆನೆಯಿತು. ಬೇರೆ ಗಾಡಿಗೆ ಸಾಮಾನು ಸಾಗಿಸಿಕೊಂಡು ನಾವು ತಲುಪುವ ಹೊತ್ತಿಗೆ ಮುಹೂರ್ತ ಮುಗಿದಿತ್ತು. ಪುರೋಹಿತರು ಇನ್ನೊಂದು ಮನೆಗೆ ಹೊರಟು ನಿಂತಿದ್ದರು. ಬೀಗರ ಮುಂದೆ ನಾನು ತಲೆ ತಗ್ಗಿಸಬೇಕಾಯಿತು. ಹೊಸ ಬ್ಯಾಟರಿಯ ಖರ್ಚು ಬೇರೆ. ಇದಕ್ಕೆಲ್ಲ ಯಾರು ಹೊಣೆ?

ಈಗ ವಿಷಯಕ್ಕೆ ಬರುತ್ತೇನೆ. ನೀರು ಇಂಧನ ಅಲ್ಲ. ಹೈಡ್ರೋಜನ್ ಉರಿದ ಮೇಲೆ ಉಳಿಯುವುದೇ ನೀರು. ಒಲೆಯಲ್ಲಿ ಸೌದೆ ಉರಿದು ಬೂದಿ ಆಗುವ ಹಾಗೆ. ಬೂದಿಯನ್ನು ಮತ್ತೆ ಉರಿಸೋಕೆ ಆಗುತ್ತದಾ? ನೀರನ್ನು ಒಡೆದು ಹೈಡ್ರೋಜನ್ ತೆಗೆಯಬೇಕಾದರೆ ಹೊರಗಿನಿಂದ ಶಕ್ತಿ ಕೊಡಲೇಬೇಕು. ಕನಿಷ್ಠ 1.23 ವೋಲ್ಟ್ ಬೇಕು ಅಂತ ಪಿಯುಸಿ ಮಕ್ಕಳೂ ಲೆಕ್ಕ ಮಾಡುತ್ತಾರೆ. ಇವತ್ತಿನ ಒಳ್ಳೆಯ ಯಂತ್ರಗಳಲ್ಲೂ 1 ಕೆ.ಜಿ. ಹೈಡ್ರೋಜನ್‌ಗೆ ಸುಮಾರು 50 ಯೂನಿಟ್ ಕರೆಂಟ್ ಬೇಕು. ಆ ಹೈಡ್ರೋಜನ್ ಉರಿದಾಗ ವಾಪಸ್ ಸಿಗುವುದು ಸುಮಾರು 33 ಯೂನಿಟ್‌ನಷ್ಟು ಶಕ್ತಿ. ಹಾಕಿದ್ದಕ್ಕಿಂತ ಕಡಿಮೆಯೇ ಸಿಗುತ್ತದೆ, ಅಲ್ವಾ? ಆಟೋದಲ್ಲಿ ಬ್ಯಾಟರಿ ತುಂಬುವುದು ಎಂಜಿನ್ ತಿರುಗಿದಾಗ. ಎಂಜಿನ್ ತಿರುಗುವುದು ಡೀಸೆಲ್‌ನಿಂದ. ಹಾಗಾಗಿ ಆ ಕಿಟ್ ಡೀಸೆಲ್ ಉಳಿಸೋದಿಲ್ಲ, ಇನ್ನಷ್ಟು ಕುಡಿಯುತ್ತದೆ.

ಗಿಡ ನೀರನ್ನು ಒಡೆಯುವುದು ಬಿಸಿಲಿನ ಶಕ್ತಿಯಿಂದ. ಎಲೆಯೊಳಗೆ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಐದು ಆಕ್ಸಿಜನ್ ಪರಮಾಣು ಸೇರಿದ ಒಂದು ಪುಟ್ಟ ಗುಂಪಿದೆ. ನೀರಿನಿಂದ ಆಕ್ಸಿಜನ್ ಬಿಡಿಸುವುದು ಅದೇ. ಬೆಳಕಿನ ನಾಲ್ಕು ಏಟು ಬಿದ್ದರೆ ಒಂದು ಆಕ್ಸಿಜನ್ ಅಣು ಹೊರಗೆ ಬರುತ್ತದೆ. ಆ ಗುಂಪಿನ ಪರಮಾಣುಗಳು ಹೇಗೆ ಜೋಡಣೆಯಾಗಿವೆ ಅಂತ ಜಪಾನಿನ ವಿಜ್ಞಾನಿಗಳು ಸ್ಪಷ್ಟವಾಗಿ ತೋರಿಸಿದ್ದು 2011ರಲ್ಲಿ. ನಾವು ಉಸಿರಾಡುವ ಆಕ್ಸಿಜನ್ ಎಲ್ಲಿಂದ ಬರುತ್ತದೆ ಅನ್ನೋದಕ್ಕೆ ಅಷ್ಟು ಹತ್ತಿರದ ಚಿತ್ರ ಸಿಕ್ಕಿತು. ನಿಮ್ಮ ವರದಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ನೊಸೆರಾ ಅವರು ನೀರು ಒಡೆಯುವ ಈ ಕೆಲಸವನ್ನು ಪ್ರಯೋಗಾಲಯದಲ್ಲಿ ಮಾಡಿಸಲು ಹೊರಟವರು. 2008ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದಾಗ ಮ್ಯಾಥ್ಯೂ ಕಾನನ್ ಜೊತೆ ಕೋಬಾಲ್ಟ್ ಮತ್ತು ಫಾಸ್ಫೇಟ್‌ನಿಂದ ಒಂದು ವೇಗವರ್ಧಕ, ಅಂದರೆ ರಾಸಾಯನಿಕ ಕ್ರಿಯೆಯನ್ನು ಸುಲಭ ಮಾಡುವ ವಸ್ತು, ಮಾಡಿದರು. ವೇಗವರ್ಧಕ ಶಕ್ತಿ ಕೊಡೋದಿಲ್ಲ. ದಂಡವಾಗಿ ಹೋಗುವ ಶಕ್ತಿಯನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಆದರೆ ಅದೇ ದೊಡ್ಡ ಕೆಲಸ. ಇರಿಡಿಯಂ, ಪ್ಲಾಟಿನಂನಂಥ ದುಬಾರಿ ಲೋಹದ ಬದಲು ಅಗ್ಗದ ಕೋಬಾಲ್ಟ್. ಕಡು ಆಮ್ಲ, ಕಡು ಕ್ಷಾರ ಬೇಕಿಲ್ಲ, ತಟಸ್ಥ ನೀರಿನಲ್ಲೇ ನಡೆಯುತ್ತದೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು, ಅದು ಹಾಳಾದರೆ ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಕರಗಿ ಹೋದ ಕೋಬಾಲ್ಟ್ ವಾಪಸ್ ಬಂದು ಕೂತುಕೊಳ್ಳುತ್ತದೆ. ಗಿಡವೂ ಹಾಗೇ. ಜೋರು ಬಿಸಿಲಿನಲ್ಲಿ ಅದರ ಒಂದು ಪ್ರೋಟೀನ್ ಸುಮಾರು ಅರ್ಧ ಗಂಟೆಗೊಮ್ಮೆ ಕೆಡುತ್ತದೆ, ಗಿಡ ಅದನ್ನು ಬದಲಾಯಿಸಿಕೊಳ್ಳುತ್ತಲೇ ಇರುತ್ತದೆ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತಿ ಕೇಳಿದ್ದಾರೆ.

2011ರಲ್ಲಿ ಸಿಲಿಕಾನ್ ಹಾಳೆಯ ಒಂದು ಕಡೆ ಕೋಬಾಲ್ಟ್, ಇನ್ನೊಂದು ಕಡೆ ನಿಕ್ಕಲ್, ಮಾಲಿಬ್ಡಿನಂ, ಸತು ಲೇಪಿಸಿ ‘ಕೃತಕ ಎಲೆ’ ಮಾಡಿದರು. ನೀರಿನಲ್ಲಿ ಮುಳುಗಿಸಿ ಬೆಳಕಿಗೆ ಹಿಡಿದರೆ ಎರಡೂ ಕಡೆ ಗುಳ್ಳೆ. ವೈರೇ ಇಲ್ಲ. ಆದರೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಹೈಡ್ರೋಜನ್ ಆಗಿ ಉಳಿದಿದ್ದು ಸುಮಾರು ಶೇ 2.5 ಮಾತ್ರ. ಅವರು ಶುರು ಮಾಡಿದ ಕಂಪನಿ ಕೊನೆಗೆ ಹೈಡ್ರೋಜನ್ ಬಿಟ್ಟು ಬ್ಯಾಟರಿ ಕಡೆ ತಿರುಗಿತು. 2014ರಲ್ಲಿ ಅಮೆರಿಕದ ರಕ್ಷಣಾ ಕಂಪನಿ ಲಾಕ್‌ಹೀಡ್ ಮಾರ್ಟಿನ್ ಅದನ್ನು ಕೊಂಡಿತು. 2016ರಲ್ಲಿ ಹಾರ್ವರ್ಡ್‌ನಲ್ಲಿ ಜೀವವಿಜ್ಞಾನಿ ಪಮೇಲಾ ಸಿಲ್ವರ್ ಜೊತೆ ಬ್ಯಾಕ್ಟೀರಿಯಾ ಸೇರಿಸಿ ಇನ್ನೊಂದು ದಾರಿ ಹಿಡಿದರು. ಹೀಗೆ ವರ್ಷಗಟ್ಟಲೆ ಕೂತು, ಎಡವಿ, ಮತ್ತೆ ಶುರು ಮಾಡುವ ಕೆಲಸ ಇದು. ಅದನ್ನು ಒಂದು ಡಬ್ಬ ಅಡುಗೆ ಸೋಡಾಕ್ಕೆ ಇಳಿಸಿದ್ದೀರಿ.

ಸಿ.ಎನ್.ಆರ್. ರಾವ್ ಅವರ ಹೆಸರನ್ನು ಇದರಲ್ಲಿ ಎಳೆದಿದ್ದು ನನಗೆ ಇನ್ನೂ ಸಿಟ್ಟು ತಂದಿದೆ. ಅವರು ಕಟ್ಟಿದ, 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ನಮ್ಮ ಜಕ್ಕೂರಿನಲ್ಲೇ ಇದೆ. ಕ್ಯಾಡ್ಮಿಯಂ ಸಲ್ಫೈಡ್, ಮಾಲಿಬ್ಡಿನಂ ಸಲ್ಫೈಡ್‌ನಂಥ ವಸ್ತುಗಳನ್ನು ಬಳಸಿ, ಬೆಳಕಿನಿಂದ ಹೈಡ್ರೋಜನ್ ಪಡೆಯುವ ಕೆಲಸವನ್ನು ಅವರು ಎಂಬತ್ತು ದಾಟಿದ ಮೇಲೂ ಬಿಡಲಿಲ್ಲ. ಅವರ ಫೋಟೊ ಈಗ ಗ್ಯಾರೇಜಿನ ಗೋಡೆಯಲ್ಲಿ, ಗ್ರೀಸ್ ಡಬ್ಬದ ಪಕ್ಕದಲ್ಲಿದೆ. ನಾನು ಕಣ್ಣಾರೆ ನೋಡಿ ಬಂದೆ.

ಇದು ಹೊಸ ಕಥೆಯೂ ಅಲ್ಲ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆ ಅಂದಾಗ ಪತ್ರಿಕೆಗಳು ಕುಣಿದಾಡಿದವು. 2016ರಲ್ಲಿ ಕೋರ್ಟ್ ಅವರಿಗೆ ಶಿಕ್ಷೆ ಕೊಟ್ಟಿತು. ಅಷ್ಟಾದರೂ ಪತ್ರಿಕೆಗಳಿಗೆ ಬುದ್ಧಿ ಬರಲಿಲ್ಲ.

ಗ್ಯಾರೇಜಿನವನ ಮೇಲೆ ದೂರು ಕೊಡಲು ಠಾಣೆಗೆ ಹೋದೆ. ಅದು ಸಾರಿಗೆಯವರಿಗೆ ಸೇರಿದ್ದು ಅಂದರು. ಸಾರಿಗೆಯವರು ಗ್ರಾಹಕರ ವೇದಿಕೆಗೆ ಹೋಗಿ ಅಂದರು. ಅಲ್ಲಿ ಬಿಲ್ ಕೇಳಿದರು. ಅವನು ಬಿಲ್ ಕೊಟ್ಟಿದ್ದರೆ ತಾನೇ? ಅಧಿಕಾರಿಗಳು ಯಾವಾಗ ನೋಡಿದರೂ ಹೀಗೇ. ನಮ್ಮ ಮನೆ ಮೇಲೆ ಸೋಲಾರ್ ಹಾಕಿಸಲು ಅರ್ಜಿ ಕೊಟ್ಟಾಗಲೂ ಹೀಗೇ ಸುತ್ತಿಸಿದರು. ಮೀಟರ್ ಬದಲಿಸಲು ಬರಬೇಕಾದವರು ಇವತ್ತು ನಾಳೆ ಅಂತಲೇ ಕಾಲ ತಳ್ಳಿದರು. ಪಾರ್ಕಿನ ಸೋಲಾರ್ ದೀಪಗಳ ಬ್ಯಾಟರಿ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ, ಕಂಬ ಮಾತ್ರ ನಿಂತಿದೆ. ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಲ್ಯಾಬಿನಲ್ಲಿ ನೀರು ಒಡೆಯುವ ಪ್ರಯೋಗ ತೋರಿಸಲು ಒಳ್ಳೆಯ ಎಲೆಕ್ಟ್ರೋಡ್ ಕೊಡಿ ಅಂತ ಬರೆದು ಬರೆದು ಸಾಕಾಯಿತು. ಸೀಮೆಸುಣ್ಣಕ್ಕೇ ದುಡ್ಡಿಲ್ಲ ಅಂದರು. ಇತ್ತ 2023ರಲ್ಲಿ ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್‌ಗೆ, ಅಂದರೆ ಬಿಸಿಲು, ಗಾಳಿಯ ಕರೆಂಟ್‌ನಿಂದ ನೀರು ಒಡೆದು ತೆಗೆಯುವ ಹೈಡ್ರೋಜನ್‌ಗೆ, ₹19,744 ಕೋಟಿ ಇಟ್ಟಿದೆ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಮಾಡುತ್ತಾರಂತೆ. ಆ ಯಂತ್ರಗಳನ್ನು ನಡೆಸಬೇಕಾದ ಮಕ್ಕಳು ಗುಳ್ಳೆ ಏಳುವುದನ್ನು ಕಣ್ಣಿಂದ ನೋಡಿಯೇ ಇಲ್ಲ. ಇದು ಯಾರಿಗೂ ಕಾಣುವುದಿಲ್ಲವೇ?

ನೀವು ಮೊದಲು ಒಂದು ತಿದ್ದುಪಡಿ ಹಾಕಿ. ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಹಾಕಬೇಡಿ. ಅದೇ ಅರ್ಧ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಆ ಕಿಟ್ ಮಾರುವವರ ಮೇಲೆ ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕು. ಮೇಲ್ಸೇತುವೆ ಹತ್ತಿರ ಕೆಟ್ಟು ನಿಂತ ಗಾಡಿ ಎಳೆಯಲು ಒಂದು ವ್ಯವಸ್ಥೆಯೂ ಆಗಬೇಕು. ಕಾಲೇಜು ಲ್ಯಾಬುಗಳಿಗೂ ಏನಾದರೂ ಮಾಡಬೇಕು. ವಿಜ್ಞಾನದ ವರದಿಯನ್ನು ಅಚ್ಚಿಗೆ ಕಳಿಸುವ ಮುಂಚೆ ಒಬ್ಬ ಹೈಸ್ಕೂಲ್ ಮೇಷ್ಟ್ರಿಗಾದರೂ ತೋರಿಸಿ. ಅಷ್ಟೂ ಆಗದಿದ್ದರೆ ಆ ಪುಟದಲ್ಲಿ ರಾಶಿಫಲ ಹಾಕಿ, ವಿಜ್ಞಾನಿಗಳ ತಂಟೆಗೆ ಬರಬೇಡಿ.

ಇಂತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ,
ಜಕ್ಕೂರು, ಬೆಂಗಳೂರು