ಸೂಜಿ ಹಿಡಿದವರ ಅರ್ಹತೆಯನ್ನು ಪರಿಶೀಲಿಸುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಮಂಡಿನೋವಿನಿಂದ ಬಳಲುತ್ತಿದ್ದ ನನ್ನ ಅಕ್ಕ ಕಳೆದ ವರ್ಷ ನಮ್ಮೂರಿನ ಕಲ್ಯಾಣಮಂಟಪವೊಂದರಲ್ಲಿ ನಡೆದ ಅಕ್ಯುಪಂಕ್ಚರ್ ಶಿಬಿರಕ್ಕೆ ಹೋಗಿದ್ದರು. ಅಲ್ಲಿ ಚಿಕಿತ್ಸೆ ನೀಡುತ್ತಿದ್ದವರು ಕಾಲಿಗೆ ಸೂಜಿ ಚುಚ್ಚಿದ್ದಲ್ಲದೆ, ಅಕ್ಕ ಹದಿನೈದು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಅಂದಿನಿಂದಲೇ ನಿಲ್ಲಿಸುವಂತೆ ಹೇಳಿದರು. ಅಕ್ಕ ನಂಬಿದರು. ಮೂರನೆಯ ವಾರ ಪಾದದಲ್ಲಿ ಎದ್ದ ಹುಣ್ಣು ಮಾಯಲು ಎರಡು ತಿಂಗಳು ಬೇಕಾಯಿತು.

ಈ ಪದ್ಧತಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ದೀರ್ಘಕಾಲದ ಸೊಂಟನೋವು, ಮಂಡಿನೋವು, ಪದೇಪದೇ ಕಾಡುವ ಅರೆತಲೆನೋವುಗಳಲ್ಲಿ ಇದರಿಂದ ಹಲವರಿಗೆ ಉಪಶಮನ ಸಿಗುತ್ತದೆಂದು ಅಧ್ಯಯನಗಳು ತೋರಿಸಿವೆ. ಆ ಉಪಶಮನದಲ್ಲಿ ಸೂಜಿಯ ಪಾಲೆಷ್ಟು, ರೋಗಿಯ ನಂಬಿಕೆಯ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಸಕ್ಕರೆ ಕಾಯಿಲೆಯನ್ನಾಗಲಿ ಕ್ಯಾನ್ಸರನ್ನಾಗಲಿ ಸೂಜಿಯಿಂದಲೇ ಗುಣಪಡಿಸುತ್ತೇವೆ ಎನ್ನುವವರ ಮಾತಿಗೆ ಯಾವ ಆಧಾರವೂ ಇಲ್ಲ.

ಚೀನಾದ ಈ ಚಿಕಿತ್ಸೆಯನ್ನು ಭಾರತಕ್ಕೆ ತಂದವರಲ್ಲಿ ಮೊದಲಿಗರು ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರೂ ಇದ್ದ ಐವರು ವೈದ್ಯರ ತಂಡದೊಂದಿಗೆ ಯುದ್ಧಪೀಡಿತ ಚೀನಾಕ್ಕೆ ತೆರಳಿದ್ದ ಬಸು ಅವರು, 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದರು. ಮೊದಲು ವೈದ್ಯರಾಗಿ ಆಮೇಲೆ ಸೂಜಿ ಹಿಡಿದವರು ಅವರು. ಇಂದು ಕೆಲವೇ ದಿನಗಳ ತರಬೇತಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಹೆಸರಿನ ಹಿಂದೆ ‘ಡಾ.’ ಸೇರಿಸಿಕೊಳ್ಳುವವರನ್ನು ಕಂಡಾಗ ಈ ಸಂಗತಿ ನೆನಪಾಗುತ್ತದೆ.

ಅಕ್ಯುಪಂಕ್ಚರನ್ನು ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಒಂದು ಚಿಕಿತ್ಸಾ ವಿಧಾನವಾಗಿ ಬಳಸಬಹುದೆಂದು ಕೇಂದ್ರ ಸರ್ಕಾರ 2003ರ ನವೆಂಬರಿನಲ್ಲಿ ಆದೇಶಿಸಿತು. ‘ಸೂಕ್ತ ತರಬೇತಿ’ ಎಂದರೇನು ಎಂಬುದರಲ್ಲೇ ತೊಡಕಿದೆ. ಪಶ್ಚಿಮ ಬಂಗಾಳವು 1996ರಲ್ಲಿಯೇ ಈ ಪದ್ಧತಿಗೆಂದು ಪ್ರತ್ಯೇಕ ಕಾಯ್ದೆ ಮಾಡಿತು. ಮಹಾರಾಷ್ಟ್ರವೂ ಆ ದಾರಿ ಹಿಡಿದಿದೆ. ನಮ್ಮ ರಾಜ್ಯದಲ್ಲಿ ಅಂಥ ಕಾಯ್ದೆಯಿಲ್ಲದ ಕಾರಣ ಅರ್ಹರನ್ನು ಗುರುತಿಸುವ ಹೊರೆ ನೋವಿನಲ್ಲಿರುವ ರೋಗಿಯ ಮೇಲೆಯೇ ಬಿದ್ದಿದೆ.

ಉಜಿರೆಯಂಥ ಕಡೆಗಳಲ್ಲಿ ಐದೂವರೆ ವರ್ಷ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ, ಅಂದರೆ ಬಿಎನ್‌ವೈಎಸ್, ಓದಿದವರು ಅಂಗರಚನೆಯ ಜೊತೆಗೆ ಅಕ್ಯುಪಂಕ್ಚರನ್ನೂ ಕಲಿತಿರುತ್ತಾರೆ. ಈ ಅಂಗರಚನೆಯ ಅರಿವು ಜೀವಕ್ಕೆ ಸಂಬಂಧಿಸಿದ್ದು: ಎದೆ ಅಥವಾ ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ಆಳಕ್ಕೆ ಇಳಿದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯವಿದೆ. ಅಕ್ಕ ಈಗಲೂ ಮಂಡಿಗೆ ಸೂಜಿ ಚಿಕಿತ್ಸೆ ಪಡೆಯುತ್ತಿದ್ದಾರೆ, ಆದರೆ ಅಂಥ ನೋಂದಾಯಿತ ವೈದ್ಯೆಯೊಬ್ಬರ ಬಳಿ. ಆ ವೈದ್ಯೆ ಮೊದಲ ದಿನ ನೋಡಲು ಕೇಳಿದ್ದೇ ಔಷಧದ ಚೀಟಿಯನ್ನು. ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದೆಯೇ ಎಂದು ವಿಚಾರಿಸಿದರು. ಒಮ್ಮೆ ಮಾತ್ರ ಬಳಸುವ ಸೂಜಿಯ ಪೊಟ್ಟಣವನ್ನು ನಮ್ಮೆದುರೇ ಬಿಚ್ಚಿ, ಬಳಸಿದ್ದನ್ನು ನಿಯಮದಂತೆ ಬಿಳಿಯ ಗಟ್ಟಿ ಡಬ್ಬಿಗೆ ಹಾಕಿದರು. ಸಕ್ಕರೆ ಮಾತ್ರೆ ನಿಲ್ಲಿಸಕೂಡದೆಂದು ತಾವಾಗಿಯೇ ಎಚ್ಚರಿಸಿದರು. ಕಲ್ಯಾಣಮಂಟಪದಲ್ಲಿ ಇದಾವುದೂ ನಡೆದಿರಲಿಲ್ಲ. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳುವುದು ಅವಮರ್ಯಾದೆಯೆಂಬ ಸಂಕೋಚದಿಂದ ನಾವೂ ಕೇಳಿರಲಿಲ್ಲ. ಆ ಸಂಕೋಚವನ್ನು ಓದುಗರು ದಯವಿಟ್ಟು ಬಿಡಬೇಕು.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಚಿಕಿತ್ಸಾಲಯಗಳ ನೋಂದಣಿಗೆ ಪ್ರತಿ ಜಿಲ್ಲೆಯಲ್ಲೂ ಪ್ರಾಧಿಕಾರವಿದೆ. ಒಂದು ವಾರ ಮಂಟಪ ಬಾಡಿಗೆಗೆ ಹಿಡಿದು ಎಂಟನೆಯ ದಿನ ಊರು ಬಿಡುವ ಶಿಬಿರಗಳಿಗೂ ಅದರ ಪೂರ್ವಾನುಮತಿ ಕಡ್ಡಾಯವಾಗಬೇಕು. ಚಿಕಿತ್ಸೆ ನೀಡುವವರ ಹೆಸರು, ವಿದ್ಯಾರ್ಹತೆ, ನೋಂದಣಿ ಸಂಖ್ಯೆಗಳನ್ನು ಶಿಬಿರದ ಕರಪತ್ರದಲ್ಲಿಯೇ ಕನ್ನಡದಲ್ಲಿ ಮುದ್ರಿಸಬೇಕು. ಅಕ್ಯುಪಂಕ್ಚರ್ ಚಿಕಿತ್ಸಕರ ಪ್ರತ್ಯೇಕ ನೋಂದಣಿ ಪಟ್ಟಿಯೊಂದನ್ನು ಆರೋಗ್ಯ ಇಲಾಖೆ ಸಿದ್ಧಪಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜನರಿಗೆ ಕಾಣುವಂತೆ ಹಾಕಬೇಕೆಂದು ಒತ್ತಾಯಿಸುತ್ತೇನೆ.

– ನಿವೃತ್ತ ಶಿಕ್ಷಕಿ, ದಾವಣಗೆರೆ