ಅಪ್ಪನ ನೇರಳೆ ಬೀಜದ ಪುಡಿ

ಮಯಾಮಿ
ಜೂನ್ 22

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ಪುಟ್ಟಣ್ಣನ ಕೈಲಿ ಕಳಿಸಿದ ಕಾಗದ, ಕಾಫಿಪುಡಿ ಎರಡೂ ಸಿಕ್ಕಿದವು.

ಕಾಫಿಪುಡಿಯನ್ನು ಆಮೇಲೆ ಹೊಗಳುತ್ತೇನೆ. ಅಪ್ಪ ಎರಡು ತಿಂಗಳಿಂದ ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟು ಬರೀ ನೇರಳೆ ಬೀಜದ ಪುಡಿ ತಗೊಳ್ಳುತ್ತಿದ್ದಾರೆ ಅಂತ ಕೊನೇ ಸಾಲಲ್ಲಿ ಬರೆದಿದ್ದೀಯಲ್ಲ, ಅದು ಮೊದಲನೇ ಸಾಲಲ್ಲಿ ಇರಬೇಕಿತ್ತು ಅಲ್ವಾ? ಜೊತೆಗೆ 'ಕಾಲಲ್ಲಿ ಸಣ್ಣ ಗಾಯ, ನೋವಿಲ್ಲ' ಬೇರೆ. ಎಷ್ಟು ಸಣ್ಣದು? ಎಷ್ಟು ದಿನದ್ದು?

ಪುಡಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಜ್ಜಿ ಬೀಜ ತೊಳೆದು, ಮೊರದಲ್ಲಿ ಒಣಗಿಸಿ, ಸಿಪ್ಪೆ ಬಿರಿದ ಮೇಲೆ ಒಳಗಿನ ಹಸಿರು ತಿರುಳು ಬಿಡಿಸಿ ಕುಟ್ಟುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಬಾಯಿ ಹುಣ್ಣಾದರೆ ನೇರಳೆ ತೊಗಟೆ ಕಷಾಯ ಮುಕ್ಕಳಿಸಬೇಕು, ಭೇದಿಗೂ ಅದೇ. ಹೊಟ್ಟೆ ಸೇರಿದ ಕೂದಲು ಕರಗುತ್ತೆ ಅಂತ ವರ್ಷಕ್ಕೊಮ್ಮೆ ಹಣ್ಣು ತಿನ್ನಿಸುತ್ತಿದ್ದಳು. (ಅದನ್ನು ಮಾತ್ರ ನಂಬಲ್ಲ, ಆದರೂ ತಿನ್ನುತ್ತೇನೆ.) ಯುರೋಪಿನ ಡಾಕ್ಟರುಗಳೂ ಒಂದು ಕಾಲಕ್ಕೆ ಸಕ್ಕರೆ ಕಾಯಿಲೆಗೆ ಇದೇ ಬೀಜ ಕೊಡುತ್ತಿದ್ದರು. 1921ರಲ್ಲಿ ಇನ್ಸುಲಿನ್ ಕಂಡುಹಿಡಿದ ಮೇಲೆ ಅದನ್ನೇ ಹಿಡಿದರು. ಅಪ್ಪನಿಗೆ ಇದನ್ನು ಪೂರ್ತಿ ಓದು, ಅವರಿಗೆ ಬೇಕಾದ ಕಡೆ ನಿಲ್ಲಿಸಬೇಡ.

ಇಲ್ಲಿ ನಮ್ಮ ನೇರಳೆ ಮರ ಅಂದ್ರೆ ಕಳೆ, ಗೊತ್ತಾ? 1911ರಲ್ಲಿ ಅಮೆರಿಕದ ಸರ್ಕಾರದವರೇ ಫಿಲಿಪೈನ್ಸ್‌ನಿಂದ ಬೀಜ ತರಿಸಿದ್ದು. ಈಗ ಕಾಡಿಗೆ ನುಗ್ಗಿತು ಅಂತ ಬೈಯುತ್ತಾರೆ. ಹಿಂದಿನ ಬೀದಿಯಲ್ಲಿ ಒಂದು ಮರ ಇದೆ, ಕೆಳಗೆಲ್ಲ ನೀಲಿ. ಮೊನ್ನೆ ಆರಿಸುತ್ತಿದ್ದಾಗ ಒಬ್ಬಾಕೆ ಬಂದು ವಿಷ ಅಲ್ವಾ ಅಂದಳು. ನಾಲಿಗೆ ಚಾಚಿ ತೋರಿಸಿದೆ. ಹೊರಟೇಹೋದಳು.

ಅದಿರಲಿ. ಸಕ್ಕರೆ ಜಾಸ್ತಿಯಾದವರಿಗೆ ಪಾದ ಮರಗಟ್ಟಿ ನೋವೇ ಗೊತ್ತಾಗದೇ ಇರಬಹುದು. ಅದಕ್ಕೇ ಆ 'ನೋವಿಲ್ಲ' ಅನ್ನೋ ಮಾತು ನನಗೆ ಸರಿಬರಲಿಲ್ಲ. ಸಕಲೇಶಪುರದಿಂದ ಹಾಸನ ಸುಮಾರು 40 ಕಿಲೋಮೀಟರ್ ತಾನೆ? ನಾಳೆಯೇ ಡಾಕ್ಟರಿಗೆ ತೋರಿಸು. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ರಕ್ತ ಪರೀಕ್ಷೆ ಇದೆ, ಅದನ್ನೂ ಮಾಡಿಸು. ಪುಡಿ ವಿಷಯ ಮುಚ್ಚಿಡಬೇಡಿ. ಮಾತ್ರೆ, ಪುಡಿ ಎರಡೂ ಸೇರಿ ಸಕ್ಕರೆ ತೀರಾ ಇಳಿದರೂ ಕಷ್ಟ. ಗಾಯ ಒಣಗುವವರೆಗೆ ತೋಟ ಇಳಿಯೋದು ಬೇಡ, ಅದೂ ಆ ಹವಾಯಿ ಚಪ್ಪಲಿಯಲ್ಲಿ.

ದುಡ್ಡು ಹಾಕಿದ್ದೇನೆ. ಹೆದರುವಂಥದ್ದು ಏನೂ ಇಲ್ಲ. ನಾನಂತೂ ಹೆದರಿಲ್ಲ. ಎರಡು ರಾತ್ರಿ ನಿದ್ದೆ ಬರದಿದ್ದದ್ದು ಸುಮ್ನೆ ಇಲ್ಲಿಯ ಸೆಕೆಗೆ. ಬಸ್ಸಿಗೆ ಹೊತ್ತಾಯಿತು. ಗಾಯದ ಫೋಟೋ ಕಳಿಸು, ಬೆಳಕಲ್ಲಿ ತೆಗೆದದ್ದು.

ನಿನ್ನ ಮಗಳು