ಮಂಜನಿಗೊಂದು ಪತ್ರ: ಐವತ್ತು ಪದಗಳ ಉಕ್ತಲೇಖನ

ಮಂಜಾ,

ಫೋನ್ ಮಾಡಿದರೆ ಎರಡೇ ನಿಮಿಷಕ್ಕೆ "ಸರಿ, ಇಡ್ಲಾ?" ಅನ್ನುತ್ತೀಯ. ಅದಕ್ಕೇ ನಾಲ್ಕು ಜನ ನೋಡುವ ಹಾಗೆ ಬರೆಯುತ್ತಿದ್ದೇನೆ. ಈಗ ತಪ್ಪಿಸಿಕೋ ನೋಡೋಣ. ಹೌದು, ಚೀನೀ ಭಾಷೆ ಕ್ಲಾಸಿಗೆ ಇನ್ನೂ ಹೋಗುತ್ತಿದ್ದೇನೆ. ಶಾಂತಕ್ಕನ ಸಂಗೀತದ ಗತಿ ಇದಕ್ಕೆ ಬಂದಿಲ್ಲ.

ಮೊನ್ನೆ ನಮ್ಮ ಲಾವ್‌ಷಿ, ಅಂದರೆ ಮೇಡಂ, ಇಡೀ ಕ್ಲಾಸನ್ನು ಮೆಲ್ಬರ್ನಿನ ಚೈನೀಸ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರು. ಲಿಟಲ್ ಬರ್ಕ್ ಸ್ಟ್ರೀಟಿನಿಂದ ಒಳಕ್ಕೆ ಹೋದರೆ ಕೋಹೆನ್ ಪ್ಲೇಸ್ ಅಂತ ಒಂದು ಗಲ್ಲಿ, ಅಲ್ಲಿದೆ. 1985ರಲ್ಲಿ ಶುರುವಾದದ್ದು. ಒಳಗೆ ಮೆರವಣಿಗೆಯ ದೊಡ್ಡ ಡ್ರ್ಯಾಗನ್ ಇದೆ, ಹೊರೋಕೆ ಒಂದು ಊರಿನ ಜನವೇ ಬೇಕು. ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ನಾನೂ. ನೀನು ನೋಡಿದ್ದೀಯ, ಲೈಕ್ ಒತ್ತಿಲ್ಲ. ಗೊತ್ತು.

ಚಿನ್ನದ ಆಸೆಗೆ ಬಂದವರ ಕತೆ ಅಲ್ಲಿದೆ. 1851ರಲ್ಲಿ ಇಲ್ಲಿ ಚಿನ್ನ ಸಿಕ್ಕ ಮೇಲೆ ದಕ್ಷಿಣ ಚೀನಾದ ಹಳ್ಳಿಗಳಿಂದ ಸಾಲ ಮಾಡಿಕೊಂಡು ಹಡಗು ಹತ್ತಿದರು. 1855ರಲ್ಲಿ ಇಲ್ಲಿನ ವಿಕ್ಟೋರಿಯಾ ಪ್ರಾಂತ್ಯದ ಸರ್ಕಾರ ಹಡಗಿನಿಂದ ಇಳಿಯುವ ಪ್ರತಿ ಚೀನೀಯನಿಗೆ 10 ಪೌಂಡ್ ತಲೆಗಂದಾಯ ಹಾಕಿತು. ಅವರೇನು ಕಡಿಮೆಯಾ? ಪಕ್ಕದ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಎಂಬ ಪುಟ್ಟ ಬಂದರಿನಲ್ಲಿ ಇಳಿದು, 400 ಕಿಲೋಮೀಟರಿಗೂ ಜಾಸ್ತಿ ನಡೆದೇ ಗಣಿ ಸೇರಿದರು. 16,000ಕ್ಕೂ ಹೆಚ್ಚು ಜನ. (ಧರ್ಮಸ್ಥಳದ ಪಾದಯಾತ್ರೆಯಲ್ಲಿ ಚಾರ್ಮಾಡಿಗೆ ಮುಂಚೆಯೇ ಬಸ್ ಹತ್ತಿದವನು ನೀನು, ಸುಮ್ನಿರು.)

ಹೊರಗೆ ಬಂದ ಮೇಲೆ ಲಾವ್‌ಷಿ ಬ್ಯಾಗಿನಿಂದ ಒಂದು ಹಳೇ ಸರ್ಟಿಫಿಕೇಟಿನ ಪ್ರಿಂಟ್ ತೆಗೆದರು. ಒಬ್ಬ ಮನುಷ್ಯನ ಫೋಟೋ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಜೊತೆಗೆ ಮಸಿ ಹಚ್ಚಿ ಒತ್ತಿದ ಇಡೀ ಅಂಗೈ. ರೇಖೆಗಳೆಲ್ಲ ಸ್ಪಷ್ಟ, ಕಿರುಬೆರಳು ಮಾತ್ರ ಸ್ವಲ್ಪ ಜಾರಿದೆ. ಇಲ್ಲಿದ್ದವನು ಊರಿಗೆ ಹೋಗಿ ವಾಪಸ್ ಬರಬೇಕಾದರೆ ಈ ಕಾಗದ ಬೇಕಿತ್ತು. ಇಲ್ಲದಿದ್ದರೆ ಉಕ್ತಲೇಖನದ ಪರೀಕ್ಷೆ.

ಬಿಳಿಯರಲ್ಲದವರನ್ನು ದೇಶದೊಳಗೆ ಬಿಡದಿರೋಕೆ ಮಾಡಿದ 1901ರ ಕಾನೂನು ಅದು. ಅಧಿಕಾರಿ ಯೂರೋಪಿನ ಯಾವುದಾದರೂ ಭಾಷೆಯಲ್ಲಿ 50 ಪದ ಓದುತ್ತಾನೆ, ನೀನು ಬರೆಯಬೇಕು. ಇಂಗ್ಲಿಷ್ ಬಂದರೆ ಇನ್ನೊಂದು ಭಾಷೆ. ಕಾನೂನಿನಲ್ಲಿ ಬಣ್ಣದ ಮಾತೇ ಇಲ್ಲ, ಎಷ್ಟು ಮರ್ಯಾದಸ್ಥರು ನೋಡು! 1909ರ ನಂತರ ಒಬ್ಬರೂ ಪಾಸಾಗಲಿಲ್ಲವಂತೆ. 1934ರಲ್ಲಿ ಎಗಾನ್ ಕಿಷ್ ಎಂಬ ಯೂರೋಪಿನ ಪತ್ರಕರ್ತ ಬಂದ, ಸರ್ಕಾರಕ್ಕೆ ಬೇಡವಾದವನು. ಬೇಕಾದಷ್ಟು ಭಾಷೆ ಬಲ್ಲವನು. ಅವನಿಗೆ ಸ್ಕಾಟ್ಲೆಂಡಿನ ಹಳೇ ಭಾಷೆ ಸ್ಕಾಟಿಷ್ ಗೇಲಿಕ್ ಕೊಟ್ಟರು. ಪರೀಕ್ಷೆ ರದ್ದಾದದ್ದು 1958ರಲ್ಲಿ.

ಆಮೇಲೆ ಲಾವ್‌ಷಿ ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ನಮಗೂ ಚೀನೀಯಲ್ಲಿ ಉಕ್ತಲೇಖನ ಕೊಟ್ಟರು. ಎಲ್ಲರೂ ಢುಮ್ಕಿ. "ನಿಮ್ಮನ್ನೆಲ್ಲ ವಾಪಸ್ ಕಳಿಸ್ತೀನಿ" ಅಂದರು. ಬಿದ್ದು ಬಿದ್ದು ನಕ್ಕೆವು.

ಆದರೆ ನನಗೆ ಬೇರೇನೋ ಹೊಳೆಯಿತು ಕಣೋ. ನಾನು ವೀಸಾಗೆ ಅಂತ ಪಿಟಿಇ ಇಂಗ್ಲಿಷ್ ಪರೀಕ್ಷೆ ಬರೆದೆನಲ್ಲ, ಅದರಲ್ಲೂ ಉಕ್ತಲೇಖನ ಇದೆ. ಚೆನ್ನಾಗಿ ಬರೆದರೆ ವೀಸಾಗೆ 20 ಅಂಕ. ಅದು ಬೇರೆ, ಇದು ಬೇರೆ, ಒಪ್ಪಿದೆ. ಇಲ್ಲಿ ಪಾಸಾಗಬಹುದು. ಪಾಸಾದವನು ಏನಾಗುತ್ತಾನೆ ಅನ್ನುವುದೇ ನನ್ನ ತಲೆ ತಿನ್ನುತ್ತಿರುವುದು. ಟ್ರೇನಿನಲ್ಲಿ ಈಗಷ್ಟೇ ಬಂದ ನಮ್ಮ ಹುಡುಗರು ಜೋರಾಗಿ ಮಾತಾಡುತ್ತಿದ್ದರೆ ನಾನು ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ಕಡೆ ತಿರುಗುತ್ತೇನೆ. ವೀಸಾ ಬಿಗಿ ಮಾಡಿದರು ಅಂತ ಸುದ್ದಿ ಬಂದರೆ ಒಳಗೊಳಗೇ ಸಮಾಧಾನ. ನಿನ್ನ ತಮ್ಮ ಇಲ್ಲಿಗೆ ಓದೋಕೆ ಬರ್ತೀನಿ ಅಂದಾಗ "ಟೈಮ್ ಸರಿಯಿಲ್ಲ, ಬಾಡಿಗೆ ಜಾಸ್ತಿ" ಅಂದೆನಲ್ಲ? ಬಾಡಿಗೆ ಜಾಸ್ತಿ ಇರೋದು ನಿಜ. ಆದರೆ ಅವನೂ ಬಂದುಬಿಟ್ಟರೆ ಊರಲ್ಲಿ ನಮ್ಮ ಬೀದಿಗೆ ನಾನೊಬ್ಬನೇ ಆಸ್ಟ್ರೇಲಿಯಾದವನು ಅನ್ನುವುದು ಹೋಗುತ್ತದಲ್ಲ, ಆ ಲೆಕ್ಕವೂ ಇತ್ತು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಆಮೇಲೆ ತಿಂದ ಡಂಪ್ಲಿಂಗ್‌ನ ದೋಷ ಇರಬೇಕು. ಅಮ್ಮ ಇದನ್ನು ಓದಿದರೆ, ಅದರಲ್ಲಿ ಇದ್ದದ್ದು ಬರೀ ಎಲೆಕೋಸು.

ತಮ್ಮನಿಗೆ ನನ್ನ ನಂಬರ್ ಕೊಡು. ಹಾಲಿನಲ್ಲಿ ಸೋಫಾ ಖಾಲಿ ಇದೆ. ಗೊರಕೆ ವಿಷಯ ಮಾತ್ರ ಮೊದಲೇ ಹೇಳಿಬಿಡು. ಹಾಸ್ಟೆಲ್ಲಿನಲ್ಲಿ ನೀನು ರೂಮು ಬದಲಾಯಿಸಿದ್ದು ಅದಕ್ಕೇ ಅಲ್ವಾ?

ನಿನ್ನ,
ಕುಂಬಳಕಾಯಿ